ನೀಲಿ ಅಂಗಿಯ ಪಕ್ಕದ ಬೂದು ಕಲೆ

ಬಣ್ಣ ಎಲ್ಲಿದೆಯೋ ಕಣ್ಣು ಅಲ್ಲಿಗೇ ಹೋಗುತ್ತದೆ, ಮೂಗುದಾರ ಹಿಡಿದು ಎಳೆದ ಎತ್ತಿನ ಹಾಗೆ. ಇದು ನಿಮಗೆ ಗೊತ್ತೇ ಇದೆ. ಆ ಮೂಗುದಾರ ಹಿಡಿಯುವುದನ್ನೇ ಕಸುಬು ಮಾಡಿಕೊಂಡವನೊಬ್ಬ ನಮ್ಮ ನಡುವೆ ಇದ್ದಾನೆ.

ಬಸ್ ನಿಲ್ದಾಣದ ಹಿಂದಿನ ಫೋಟೊ ಸ್ಟುಡಿಯೋ, ಅದರ ಕಿಟಕಿಯಿಲ್ಲದ ಒಳಕೋಣೆ, ಒಂದು ಕಂಪ್ಯೂಟರು. ಅದರ ಮುಂದೆ ಹದಿನೆಂಟು ವರ್ಷದಿಂದ ಕೂತು ಫೋಟೊ ತಿದ್ದುವವನನ್ನು ಎಲ್ಲರೂ ಕಲರ್ ಮಾಮ ಎನ್ನುತ್ತಾರೆ. ಅವನ ಗುಟ್ಟು ಸರಳ: ಮೊದಲು ಇಡೀ ಚಿತ್ರದ ಬಣ್ಣ ಹಿಂಡಿಬಿಡು, ಆಮೇಲೆ ಬೇಕಾದವರಿಗೆ ಮಾತ್ರ ವಾಪಸ್ ಕೊಡು.

"ಏನೂ ಸೇರಿಸ್ಬೇಕಾಗಿಲ್ಲ ಸಾರ್, ಪಕ್ಕದವರ ಬಣ್ಣ ಕಿತ್ಕೊಂಡ್ರೆ ಸಾಕು, ಎಂಥವನೂ ದೊಡ್ಡ ಮನುಷ್ಯ ಆಗ್ತಾನೆ" ಎಂದು ನನಗೇ ಹೇಳಿದ್ದ. ಆಳುವವರ ಶಾಸ್ತ್ರವನ್ನು ಇಷ್ಟು ಚಿಕ್ಕದಾಗಿ ನಾನು ಬೇರೆಲ್ಲೂ ಕೇಳಿಲ್ಲ.

ಕಳೆದ ಮಳೆಗೆ ಮಾರುಕಟ್ಟೆಯ ದೊಡ್ಡ ಚರಂಡಿ ಕಟ್ಟಿಕೊಂಡು ಅಂಗಡಿಗಳಿಗೆ ನೀರು ನುಗ್ಗಿತಲ್ಲ, ಆಗ ಏಳು ಹೆಂಗಸರು ಎದೆಮಟ್ಟದ ಕೊಳಕಿನಲ್ಲಿ ನಿಂತು ಬಿಡಿಸಿದರು. ಅವರಲ್ಲೊಬ್ಬಳು ಕಲರ್ ಮಾಮನ ಸ್ವಂತ ಅಕ್ಕ, ನಗರಸಭೆಯ ಗುತ್ತಿಗೆ ಕೆಲಸದವಳು. ಕೆಲಸ ಮುಗಿಯುವ ಹೊತ್ತಿಗೆ ವಾರ್ಡ್ ಸದಸ್ಯರು ದಯಮಾಡಿಸಿದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಒಣಗಿದ ಬೂಟು. ಫೋಟೊ ಆಯಿತು.

"ನಮ್ ಸಾಹೇಬ್ರು ಎದ್ದು ಕಾಣ್ಬೇಕು" ಎಂದು ಸದಸ್ಯರ ಸಹಾಯಕ ಅಪ್ಪಣೆ ಕೊಟ್ಟ. ಮಾಮ ಎಲ್ಲರನ್ನೂ ಬೂದು ಮಾಡಿ ನೀಲಿ ಅಂಗಿಯೊಂದನ್ನೇ ಉಳಿಸಿದ. ಆದರೂ ಅದರ ಪಕ್ಕದಲ್ಲಿ ಅಕ್ಕನ ಹಲ್ಲು ಬೆಳ್ಳಗೆ ಹೊಳೆಯುತ್ತಿತ್ತು; ನೀರು ಹರಿದ ಖುಷಿಗೆ ನಗುತ್ತಿದ್ದಳು. ಕಣ್ಣು ಅಲ್ಲಿಗೇ ಓಡುತ್ತಿತ್ತು. ಕಸುಬುದಾರ ಸುಮ್ಮನಿರುತ್ತಾನೆಯೇ? ಅಕ್ಕನ ಮುಖಕ್ಕೂ ಬೂದು ಮೆತ್ತಿ ಹಿಂದಿನ ಗೋಡೆಯಲ್ಲಿ ಕರಗಿಸಿದ. ವೃತ್ತದಲ್ಲಿ ಬ್ಯಾನರ್ ಎದ್ದಿತು. ನೀವೂ ನೋಡಿ ತಲೆದೂಗಿದಿರಿ.

ಅಕ್ಕ ನೇರ ಸ್ಟುಡಿಯೋಗೆ ಬಂದಳು.

"ಲೋ, ನಾನೆಲ್ಲೋ ಅದ್ರಲ್ಲಿ?"

"ಇದೀಯಲ್ಲಕ್ಕಾ. ಬ್ಯಾಕ್‌ಗ್ರೌಂಡು."

"ಬೆಳಗಿಂದ ಸಂಜೆ ತನಕ ಗಟಾರದಲ್ಲಿ ನಿಂತಿದ್ದು ಬ್ಯಾಕ್‌ಗ್ರೌಂಡ್ ಆಗೋಕಾ? ಥೂ, ನಿನ್ ಮುಖಕ್ಕಿಷ್ಟು!"

ಬೈದರೂ ನಗುತ್ತಲೇ ಹೋದಳು. ನಗು ನಿಂತದ್ದು ಈ ತಿಂಗಳು, ಗುತ್ತಿಗೆಯಿಂದ ಕಾಯಂ ಆಗುವವರ ಪಟ್ಟಿ ಬಂದಾಗ. ಅವಳ ಹೆಸರಿಲ್ಲ. ಚರಂಡಿ ಬಿಡಿಸಿದ ಆ ದಿನವೇ ಮೇಸ್ತ್ರಿ ಅವಳಿಗೆ ಗೈರುಹಾಜರಿ ಹಾಕಿದ್ದ. ಬೇಕಾದ ಹಾಜರಿಗೆ ಒಂದೇ ಒಂದು ದಿನ ಕಡಿಮೆ.

ಆಗ ಮಾಮ ಕಂಪ್ಯೂಟರನ್ನೆಲ್ಲ ಜಾಲಾಡಿದ. ಬಣ್ಣ ಕೀಳದ ಮೂಲ ಫೋಟೊ ಅಚ್ಚು ಹಾಕಿಸಿ, ಅಕ್ಕನ ಜೊತೆ ನಗರಸಭೆ ಕಚೇರಿಗೆ ಓಡಿದ. ಅದರಲ್ಲಿ ಕಿತ್ತಳೆ ಜಾಕೆಟ್ಟಿನ ಏಳು ಹೆಂಗಸರು ಕೆಂಡದ ಹಾಗೆ ಕಾಣುತ್ತಾರೆ, ಸದಸ್ಯರನ್ನು ಹುಡುಕಬೇಕು.

ಅಧಿಕಾರಿ ಕನ್ನಡಕ ಏರಿಸಿದರು. "ಇದು ತಿದ್ದಿರೋದು ಕಣಯ್ಯಾ. ಅಸಲಿ ಫೋಟೊ ಸರ್ಕಲ್‌ನಲ್ಲಿದ್ಯಲ್ಲ, ಊರೇ ನೋಡಿದೆ."

"ಅಯ್ಯೋ, ಅದನ್ನ ತಿದ್ದಿದ್ದು ನಾನೇ ಸಾರ್!"

"ಹಾಗಾದ್ರೆ ಇದನ್ನೂ ನೀನೇ ತಿದ್ದಿರ್ತೀಯ. ನಿನ್ ಕಸುಬೇ ಅದಲ್ವಾ?"

ಹದಿನೆಂಟು ವರ್ಷದ ಕೈಚಳಕಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಅಕ್ಕ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಚೆನ್ನಾಗಿ ಕಲ್ತಿದೀಯ ಕಣೋ ಕೆಲಸ."

ಸೋಮವಾರ ಹನ್ನೊಂದಕ್ಕೆ ಮರುವಿಚಾರಣೆ. ಫೋಟೊ ನಡೆಯುವುದಿಲ್ಲವಂತೆ, ಕಣ್ಣಾರೆ ಕಂಡವರು ಬೇಕಂತೆ. ಮಾರುಕಟ್ಟೆಯ ವ್ಯಾಪಾರಿಗಳೇ, ಅಂದು ಮಹಡಿ ಮೇಲೆ ಮೂಗು ಮುಚ್ಚಿಕೊಂಡು ನಿಂತು "ಬೇಗ ಬೇಗ" ಎಂದು ಕೂಗಿದವರೇ, ಆ ಜಾಕೆಟ್ಟಿನ ಬಣ್ಣ ನಿಮಗೆ ನೆನಪಿದೆ, ಅದರೊಳಗಿದ್ದ ಮುಖವೂ ನೆನಪಿದೆ. ಸೋಮವಾರ ಒಂದು ಗಂಟೆ ಹೊತ್ತು ಅಂಗಡಿ ಬಾಗಿಲು ಎಳೆದುಕೊಂಡು ಬನ್ನಿ. ಬಂದು, ಅವಳು ಇದ್ದಳು ಎಂದು ಹೇಳಿ.