ಅಕ್ಕನ ಹೆಸರು

ಭಾನುವಾರದ ಗುಂಪಿನಲ್ಲಿ ಎಲ್ಲರೂ ಅವಳನ್ನು ಹಲ್ಲಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಹದಿನಾರು ವರ್ಷದಿಂದ ಕಟ್ಟುಹಲ್ಲು ಮಾಡುವುದೇ ಅವಳ ಕಸುಬು. ಊರಿನ ಒಂದು ಸಣ್ಣ ಲ್ಯಾಬಿನಲ್ಲಿ ಮೇಣ ಕರಗಿಸುವುದರಿಂದ ಶುರು ಮಾಡಿ, ಯಾರ ಬಾಯಿಗೆ ಯಾವ ಬಣ್ಣದ ಹಲ್ಲು ಒಪ್ಪುತ್ತದೆಂದು ಒಂದೇ ನೋಟಕ್ಕೆ ಹೇಳುವಷ್ಟು ಪಳಗಿದ್ದಳು. ತನ್ನದೇ ಲ್ಯಾಬು ಇಡಬೇಕು, ಅದಕ್ಕೆ ಹಲ್ಲು ಸುಡುವ ಒಂದು ಒಳ್ಳೆಯ ಕುಲುಮೆ ಕೊಳ್ಳಬೇಕು ಎಂಬ ಆಸೆ ತಲೆಗೆ ಹತ್ತಿ, ಮೂವತ್ತೆಂಟನೇ ವಯಸ್ಸಿನಲ್ಲಿ, ಸ್ಕೂಟರ್ ರಿಪೇರಿಯ ಗಂಡನನ್ನೂ ಪಿಯುಸಿ ಓದುವ ಮಗಳನ್ನೂ ಅತ್ತೆಯ ಸುಪರ್ದಿಗೆ ಬಿಟ್ಟು, ಎರಡು ವರ್ಷದ ಕೆಲಸದ ಪರ್ಮಿಟ್ ಹಿಡಿದು ಪರದೇಶಕ್ಕೆ ಬಂದಿದ್ದಳು.

ಮೊದಲ ನಾಲ್ಕು ತಿಂಗಳು ಅವಳು ಬಾಯಿಗೆ ಬೀಗ ಹಾಕಿಕೊಂಡೇ ಬದುಕಿದಳು. ಇಲ್ಲೂ ಹಲ್ಲಿನ ಲ್ಯಾಬಿನಲ್ಲೇ ಕೆಲಸ, ಅಲ್ಲಿಯ ಭಾಷೆಯ ಇಪ್ಪತ್ತು ಪದಗಳಲ್ಲಿ ಅದು ಸಾಗುತ್ತಿತ್ತು. ಮಧ್ಯಾಹ್ನ ಎಲ್ಲರೂ ಉದ್ದನೆಯ ಮೇಜಿನ ಸುತ್ತ ಕೂತು ಉಣ್ಣುವಾಗ ಇವಳು ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಮೇಜಿಗೆ ಹೋದರೆ ವಾರಕ್ಕೊಮ್ಮೆ ಕಾಫಿಗೆ, ಕೇಕಿಗೆ ಅಂತ ದುಡ್ಡು ಹಾಕಬೇಕಾಗುತ್ತದೆ ಎಂಬ ಭಯ. ಅಲ್ಲಿನ ಒಂದು ಕಾಫಿಯನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಗಂಟಲಲ್ಲಿ ಇಳಿಯುವ ಹಾಗಿರಲಿಲ್ಲ.

ಅಕ್ಕ ಸಿಕ್ಕಿದ್ದು ಬೀದಿ ಕೊನೆಯ ಬಟ್ಟೆ ಒಗೆಯುವ ಅಂಗಡಿಯಲ್ಲಿ. ಹಾಕಿದ ನಾಣ್ಯವನ್ನೆಲ್ಲ ನುಂಗಿ ಸುಮ್ಮನೆ ನಿಂತ ಯಂತ್ರಕ್ಕೆ ಇವಳು ಕನ್ನಡದಲ್ಲಿ ಮೂರು ತಲೆಮಾರು ಎತ್ತಿ ಬೈಯುತ್ತಿದ್ದಾಗ ಹಿಂದಿನಿಂದ ಯಾರೋ ನಕ್ಕರು. ಐವತ್ತು ದಾಟಿದ ಹೆಂಗಸು. ಯಂತ್ರದ ಪಕ್ಕೆಗೆ ಮೊಣಕೈಯಲ್ಲಿ ಒಂದು ಗುದ್ದು ಕೊಟ್ಟಳು, ಅದು ತಿರುಗತೊಡಗಿತು. "ಬೈದರೆ ಇದಕ್ಕೆ ಅರ್ಥ ಆಗಲ್ಲ ತಂಗಿ, ಇದರ ಭಾಷೆ ಬೇರೆ," ಅಂದಳು.

ಆ ಹೆಂಗಸು ಒಂದು ದೊಡ್ಡ ಕಚೇರಿ ಕಟ್ಟಡದಲ್ಲಿ ಕಸ ಗುಡಿಸುವವರ ಮೇಸ್ತ್ರಿ. ಹನ್ನೊಂದು ವರ್ಷದಿಂದ ಅಲ್ಲೇ ಇದ್ದವಳು, ಎಲ್ಲರಿಗೂ ಅಕ್ಕ. ಭಾನುವಾರ ಮಧ್ಯಾಹ್ನ ಅವಳ ಕೋಣೆಯಲ್ಲಿ ಎಂಟು ಹೆಂಗಸರು ಸೇರುತ್ತಿದ್ದರು. ಮಂಚದ ಮೇಲೆ, ಕಿಟಕಿ ಕಟ್ಟೆಯ ಮೇಲೆ, ನೆಲದ ಮೇಲೆ ಜಾಗ ಸಿಕ್ಕಲ್ಲಿ ಕೂತು ಹೊಟ್ಟೆ ತುಂಬ ಮಾತಾಡುವುದು. ಯಾವ ಅಂಗಡಿಯಲ್ಲಿ ಮುಚ್ಚುವ ಹೊತ್ತಿಗೆ ತರಕಾರಿ ಅಗ್ಗ, ಸಂಬಳ ಬಂದ ದಿನವೇ ಬಾಡಿಗೆಯ ದುಡ್ಡನ್ನು ಹೇಗೆ ಬೇರೆ ಎತ್ತಿಡಬೇಕು, ಮನೆಗೆ ದುಡ್ಡು ಕಳಿಸುವಾಗ ಯಾವ ಕೌಂಟರಿನವರು ಹೆಚ್ಚು ಕಮಿಷನ್ ಹಿಡಿಯುತ್ತಾರೆ, ಎಲ್ಲವನ್ನೂ ಅಕ್ಕನೇ ಹೇಳಿಕೊಟ್ಟಳು. ಹಲ್ಲಮ್ಮನಿಗೆ ಜ್ವರ ಬಂದಾಗ ಎರಡು ದಿನ ರಜೆ ಹಾಕಿ ಪಕ್ಕದಲ್ಲಿ ಕೂತಳು.

ಹಾಗಾಗಿ ಎರಡನೇ ವರ್ಷ ಅಕ್ಕ ಒಂದು ಸಣ್ಣ ಉಪಕಾರ ಕೇಳಿದಾಗ ಇಲ್ಲ ಅನ್ನುವ ಪ್ರಶ್ನೆಯೇ ಬರಲಿಲ್ಲ. ನನ್ನ ಖಾತೆಗೆ ಇಷ್ಟೇ ದುಡ್ಡು ಬರಬೇಕು ಅಂತ ಮಿತಿ ಇದೆ, ಸ್ವಲ್ಪ ನಿನ್ನ ಖಾತೆಗೆ ಹಾಕಿಸ್ತೀನಿ, ಬಂದದ್ದನ್ನು ಹಾಗೇ ಊರಿಗೆ ನನ್ನ ತಂಗಿ ಗಂಡನ ಹೆಸರಿಗೆ ಕಳಿಸಿಬಿಡು ಅಂದಿದ್ದಳು. ತಿಂಗಳಿಗೊಮ್ಮೆ ಆರು ಕಡೆಯಿಂದ ದುಡ್ಡು ಬರುತ್ತಿತ್ತು. ಹಲ್ಲಮ್ಮ ಒಂದು ಪೈಸೆ ಆಚೀಚೆ ಆಗದಂತೆ ಕಳಿಸುತ್ತಿದ್ದಳು. ಯಾರ ದುಡ್ಡು ಅಂತ ಕೇಳಲಿಲ್ಲ. ಅಕ್ಕನನ್ನು ಕೇಳುವುದುಂಟೇ?

ಹೀಗೆ ಕಳಿಸತೊಡಗಿದ ಆರನೇ ತಿಂಗಳು, ಸಂಬಳ ಬಂದ ಮರುದಿನ, ಅಂಗಡಿಯಲ್ಲಿ ಕಾರ್ಡು ನಡೆಯಲಿಲ್ಲ. ಅಕ್ಕಿ, ಸೋಪು, ಮೊಟ್ಟೆಗಳನ್ನು ಕೌಂಟರಿನ ಮೇಲೇ ಬಿಟ್ಟು, ಹಿಂದೆ ಸಾಲಿನಲ್ಲಿ ನಿಂತವರ ಮುಖ ನೋಡಲಾಗದೆ ಹೊರಬಂದಳು. ಮನೆಯ ಬಾಗಿಲ ಕೆಳಗೆ ಬ್ಯಾಂಕಿನ ಕಾಗದ ಬಿದ್ದಿತ್ತು. ಖಾತೆಯನ್ನು ತಡೆಹಿಡಿಯಲಾಗಿದೆ ಎಂಬ ಒಂದು ಸಾಲು ಅರ್ಥವಾಗಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಅರ್ಥವಾದ ಮೇಲೆ ಕಾಗದ ಹಿಡಿದು ಬ್ಯಾಂಕಿಗೆ ಹೋದಳು.

ಬ್ಯಾಂಕಿನ ಅಧಿಕಾರಿ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ದನಿ ಏರಿಸದೆ, ಪ್ರತಿ ಪದವನ್ನೂ ಬಿಡಿಸಿ ಹೇಳಿದಳು. ಸಂಬಂಧವಿಲ್ಲದ ಆರು ಜನರಿಂದ ಪ್ರತಿ ತಿಂಗಳು ದುಡ್ಡು ಬಂದು, ಅದೇ ದಿನ ದೇಶದ ಹೊರಗೆ ಹೋಗುತ್ತಿದೆ. ಇದು ಯಾರ ದುಡ್ಡು, ಯಾವ ಕೆಲಸದ್ದು, ಹತ್ತು ದಿನದೊಳಗೆ ಬರೆದುಕೊಡಬೇಕು. ಇಲ್ಲದಿದ್ದರೆ ಕಡತ ಪೊಲೀಸರಿಗೆ ಹೋಗುತ್ತದೆ. ಹಲ್ಲಮ್ಮನ ಪರ್ಮಿಟ್ ಮುಗಿಯಲು ಹತ್ತೊಂಬತ್ತು ದಿನವಿತ್ತು. ಅದನ್ನು ಮುಂದುವರಿಸಲು ಖಾತೆ ನಡೆಯುತ್ತಿದೆ ಎಂಬ ಬ್ಯಾಂಕಿನ ಪತ್ರ ಬೇಕು. ಪರ್ಸಿನಲ್ಲಿ ಒಂದು ವಾರದ ಬಸ್ಸಿಗಾಗುವಷ್ಟು ದುಡ್ಡು ಉಳಿದಿತ್ತು.

ಅಲ್ಲಿಂದ ನೇರ ಅಕ್ಕನ ಕೋಣೆಗೆ ಹೋದಳು. ಅಕ್ಕ ಅವಳ ಮುಖ ನೋಡುತ್ತಲೇ ಇಸ್ತ್ರಿಪೆಟ್ಟಿಗೆ ಆರಿಸಿದಳು. ಆಮೇಲೆ ಎಲ್ಲ ಹೊರಬಂತು. ಆ ಆರು ಜನ ಆರು ಮನೆಗಳವರು. ಕಚೇರಿ ಕೆಲಸ ಮುಗಿದ ಮೇಲೆ ಅಕ್ಕ ಆ ಮನೆಗಳಿಗೆ ಹೋಗಿ ಕಸ, ಪಾತ್ರೆ, ಬಚ್ಚಲು ಎಲ್ಲ ತೊಳೆಯುತ್ತಿದ್ದಳು. ಅವಳ ಪರ್ಮಿಟ್ಟಿನಲ್ಲಿ ಒಂದೇ ಕೆಲಸಕ್ಕೆ ಅನುಮತಿ. ಮಿತಿ ಇದ್ದದ್ದು ಖಾತೆಗಲ್ಲ. ತೀರಿಹೋದ ತಂಗಿಯ ಇಬ್ಬರು ಮಕ್ಕಳ ಕಾಲೇಜು ಆ ಮನೆಗಳ ಮೇಲೆ ನಡೆಯುತ್ತಿತ್ತು.

"ಕೈಸಾಲ ಅಂತ ಬರೆ," ಅಂದಳು ಅಕ್ಕ. "ಆ ಆರು ಜನರಿಗೂ ನಾನು ಹೇಳಿಡ್ತೀನಿ."

"ಆರು ಜನ ಒಂದೇ ಸುಳ್ಳನ್ನು ಒಂದೇ ಥರ ಹೇಳ್ತಾರಾ ಅಕ್ಕ?"

ಅಕ್ಕ ಮಡಿಸಿಟ್ಟ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಗುರುವಾರ ನಾನು ಬ್ಯಾಂಕಿಗೆ ಹೋಗ್ತೀನಿ," ಅಂದಳು ಹಲ್ಲಮ್ಮ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ಇದ್ದದ್ದನ್ನೇ ಬರೀತೀನಿ. ನಿನಗೆ ಹೇಳದೆ ಬರೆಯಬಾರದು ಅಂತ ಬಂದೆ."

"ಬಂದದ್ದು ಒಳ್ಳೇದಾಯ್ತು. ಇನ್ನು ಹೋಗು," ಅಂದಳು ಅಕ್ಕ, ಅವಳತ್ತ ತಿರುಗದೆ.

ಸೋಮವಾರದ ಹೊತ್ತಿಗೆ ಸುದ್ದಿ ಎಂಟೂ ಜನರಿಗೆ ಮುಟ್ಟಿತ್ತು. ಕಷ್ಟಕ್ಕಾದವಳ ಬೆನ್ನಿಗೆ ಚೂರಿ ಹಾಕುವವಳು ಅಂತ ಒಬ್ಬಳು ಮೆಸೇಜು ಕಳಿಸಿದಳು. ಇನ್ನೊಬ್ಬಳು ಫೋನು ಮಾಡಿ, ಸುಮ್ಮನೆ ಊರಿಗೆ ಹೋಗಿಬಿಡು, ನಿನಗಾದರೆ ಗಂಡ ಇದ್ದಾನೆ, ಅವಳಿಗೆ ಯಾರಿದ್ದಾರೆ ಅಂದಳು. ಆಮೇಲೆ ಫೋನು ಸದ್ದೇ ಮಾಡಲಿಲ್ಲ. ಬಸ್ ನಿಲ್ದಾಣದಲ್ಲಿ ಗುಂಪಿನವಳೊಬ್ಬಳು ಇವಳನ್ನು ಕಂಡು ಗೋಡೆಯ ಜಾಹೀರಾತನ್ನು ಓದುತ್ತ ನಿಂತಳು. ಗಂಡನಿಗೆ ಇವಳು ಏನೂ ಹೇಳಲಿಲ್ಲ. ಅಲ್ಲಿಂದ ಅವನು ಮಾಡುವುದಾದರೂ ಏನು? ಸಂಬಳ ಇನ್ನೂ ಬಂದಿಲ್ಲ, ಈ ತಿಂಗಳು ದುಡ್ಡು ತಡವಾಗುತ್ತದೆ ಅಂದಳು. ಅವನು ಆಯ್ತು ಅಂದ.

ಮಂಗಳವಾರ ಬಸ್ಸಿನ ದುಡ್ಡು ಉಳಿಸಲು ನಡೆದೇ ಲ್ಯಾಬಿಗೆ ಬಂದು, ಒಂದು ಸೆಟ್ಟಿನ ಮುಂದಿನ ಎರಡು ಹಲ್ಲನ್ನು ಅದಲುಬದಲು ಕೂರಿಸಿದಳು. ಹದಿನಾರು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಲ್ಯಾಬಿನಲ್ಲಿ ಪ್ಲಾಸ್ಟರಿನ ಅಚ್ಚು ತೆಗೆಯುವ ಮುದುಕ ಅದನ್ನು ತಂದು ಅವಳ ಮುಂದಿಟ್ಟ. ಬೈಯುತ್ತಾನೆಂದುಕೊಂಡಳು. ಅವನು ಸ್ಟೂಲು ಎಳೆದುಕೊಂಡು ಕೂತು, ಏನಾಯಿತು ಅಂತ ಕೇಳಿದ. ಇಪ್ಪತ್ತಕ್ಕೆ ಇನ್ನೊಂದಿಷ್ಟು ಸೇರಿದ ಪದಗಳಲ್ಲಿ, ಅವು ಸಾಲದಾದಲ್ಲಿ ಕೈ ಆಡಿಸಿ, ಅವಳು ಹೇಳಿದಳು. ಮುದುಕ ಬಿಳಿ ಹುಡಿ ಮೆತ್ತಿದ ಬೆರಳುಗಳನ್ನು ನೋಡಿಕೊಂಡ. ಅವನೂ ಮೂವತ್ತು ವರ್ಷದ ಹಿಂದೆ ಬೇರೆ ದೇಶದಿಂದ ಬಂದವನಂತೆ. ಇವಳಿಗದು ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಮಧ್ಯಾಹ್ನ ಮೆಟ್ಟಿಲ ಹತ್ತಿರ ಬಂದು ಒಂದು ತಿಂಗಳ ಬಾಡಿಗೆಯಷ್ಟು ನೋಟು ಅವಳ ಡಬ್ಬಿಯ ಪಕ್ಕ ಇಟ್ಟ.

"ಯಾವಾಗ ವಾಪಸ್ಸು ಕೊಡಲಿ?" ಅಂದಳು.

"ಖಾತೆಯ ತಡೆ ತೆಗೆದಾಗ. ಒಳಗೆ ಬಾ, ಇಲ್ಲಿ ಗಾಳಿ ಹೊಡೆಯುತ್ತೆ."

ಅವಳು ಒಳಗೆ ಹೋಗಿ ಮೇಜಿನ ತುದಿಯಲ್ಲಿ ಕೂತಳು. ಯಾರೂ ದುಡ್ಡು ಕೇಳಲಿಲ್ಲ. ಕಾಫಿಯನ್ನು ಲ್ಯಾಬಿನ ಮಾಲೀಕನೇ ಕೊಡಿಸುತ್ತಿದ್ದನಂತೆ, ಮೊದಲಿನಿಂದಲೂ. ನಗಬೇಕೋ ಅಳಬೇಕೋ ತಿಳಿಯದೆ ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಗುರುವಾರ ಬ್ಯಾಂಕಿನ ಅಧಿಕಾರಿ ನಾಲ್ಕು ಹಾಳೆಯ ಅರ್ಜಿ ಕೊಟ್ಟಳು. ಹಲ್ಲಮ್ಮ ಮನೆಯಲ್ಲೇ ನಿಘಂಟು ನೋಡಿ ವಾಕ್ಯಗಳನ್ನು ಬರೆದು ತಂದಿದ್ದಳು, ಅವನ್ನು ನೋಡಿ ನೋಡಿ ಇಳಿಸಿದಳು. ಮೂರನೇ ಹಾಳೆಯಲ್ಲಿ ದುಡ್ಡು ಯಾರಿಗೆ ಸೇರಿದ್ದೋ ಅವರ ಪೂರ್ಣ ಹೆಸರು ಕೇಳಿದ್ದರು. ಪೆನ್ನು ಅಲ್ಲೇ ನಿಂತಿತು. ಅವಳಿಗೆ ಅಕ್ಕನ ಹೆಸರು ಗೊತ್ತಿರಲಿಲ್ಲ. ಒಂದೂವರೆ ವರ್ಷ ಅವಳ ಕೈಯಡುಗೆ ಉಂಡಿದ್ದಳು, ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದಳು. ಫೋನಿನಲ್ಲೂ ಅಕ್ಕ ಅಂತಲೇ ಇತ್ತು. ಊರಿಗೆ ಕಳಿಸುತ್ತಿದ್ದದ್ದು ಅವಳ ತಂಗಿ ಗಂಡನ ಹೆಸರಿಗೆ.

ಅಧಿಕಾರಿ ಕಾಯುತ್ತಿದ್ದಳು. ಈ ಜಾಗ ಖಾಲಿ ಬಿಟ್ಟರೆ ಅರ್ಜಿ ನಡೆಯುವುದಿಲ್ಲ ಅಂದಳು. ಹಲ್ಲಮ್ಮ ಕಿಟಕಿಯ ಬಳಿ ಹೋಗಿ ಫೋನು ಮಾಡಿದಳು. ಎಂಟು ಸಲ ರಿಂಗಾಯಿತು. ಕಟ್ಟಾಗುತ್ತದೆ ಅನ್ನುವಷ್ಟರಲ್ಲಿ ಅಕ್ಕ ಎತ್ತಿದಳು.

"ಅಕ್ಕ, ಬ್ಯಾಂಕಿನಲ್ಲಿದ್ದೀನಿ. ನಿನ್ನ ಹೆಸರು ನನಗೆ ಗೊತ್ತಿಲ್ಲ."

ಆ ಕಡೆ ಬಕೆಟ್ಟಿಗೆ ನೀರು ಬೀಳುವ ಸದ್ದು. ಅದು ತುಂಬಿ ಹರಿಯತೊಡಗಿತು. ಇಟ್ಟುಬಿಡುತ್ತಾಳೆ, ಇಟ್ಟುಬಿಟ್ಟರೆ ಮುಗಿಯಿತು, ಅಂತ ಹಲ್ಲಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆಮೇಲೆ ನಲ್ಲಿ ನಿಂತಿತು.

"ಪೆನ್ನು ಇದೆಯಾ?" ಅಂದಳು ಅಕ್ಕ.

"ಇದೆ."

ಅಕ್ಕ ತನ್ನ ಹೆಸರು ಹೇಳಿದಳು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ, ಆಮೇಲೆ ಅಪ್ಪನ ಹೆಸರು. ಹಲ್ಲಮ್ಮ ಅಂಗೈ ಮೇಲೆ ಬರೆದುಕೊಂಡಳು. "ಕೊನೇಲಿ ಎರಡು ಸಲ ಎ ಬರುತ್ತೆ. ತಪ್ಪು ಬರೆದರೆ ನಿನ್ನನ್ನೇ ಮತ್ತೆ ಓಡಾಡಿಸ್ತಾರೆ," ಅಂದು ಇಟ್ಟುಬಿಟ್ಟಳು.

ಹನ್ನೊಂದು ದಿನ ಕಳೆದು ಖಾತೆಯ ತಡೆ ತೆಗೆದರು. ಪರ್ಮಿಟ್ ಮುಗಿಯಲು ಎರಡು ದಿನವಿದ್ದಾಗ ಹಲ್ಲಮ್ಮ ಪತ್ರ ಹಿಡಿದು ಸಾಲಿನಲ್ಲಿ ನಿಂತಳು, ಎರಡು ವರ್ಷಕ್ಕೆ ಮುದ್ರೆ ಬಿತ್ತು. ಪ್ಲಾಸ್ಟರ್ ಮುದುಕನ ದುಡ್ಡನ್ನು ಅದೇ ಸಂಜೆ ಕೊಟ್ಟಳು. ಅವನ ಹೆಂಡತಿ ಶನಿವಾರ ಮನೆಗೆ ಕರೆದಳು. ಹೋಗಿ ಬಂದಳು, ಮಾತು ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಗಂಡನಿಗೆ ಎಲ್ಲವನ್ನೂ ಹೇಳಿದ್ದು ಅದರ ಮರುದಿನ. ಮೊದಲೇ ಯಾಕೆ ಹೇಳಲಿಲ್ಲ ಅಂತ ಅವನು ಮೂರು ದಿನ ಮುನಿಸಿಕೊಂಡ.

ಅಕ್ಕನಿಗೆ ದಂಡ ಹಾಕಿದರು. ಪರ್ಮಿಟ್ ಮುಂದುವರಿಸಲಿಲ್ಲ, ಎರಡು ತಿಂಗಳಲ್ಲಿ ಹೊರಡು ಅಂದರು. ಗುಂಪು ಚದುರಿಹೋಯಿತು. ಹೊರಡುವ ದಿನ ಯಾವುದೆಂದು ಎಂಟರಲ್ಲಿ ಒಬ್ಬಳು ಮಾತ್ರ ಹಲ್ಲಮ್ಮನಿಗೆ ತಿಳಿಸಿದಳು.

ಅವಳು ಅರ್ಧ ದಿನ ರಜೆ ಹಾಕಿ ವಿಮಾನ ನಿಲ್ದಾಣದ ಬಸ್ಸು ಹೊರಡುವ ಜಾಗಕ್ಕೆ ಹೋದಳು. ಅಕ್ಕ ಬೆನ್ನು ತಿರುಗಿಸಿಕೊಳ್ಳುತ್ತಾಳೆ ಎಂದು ದಾರಿಯುದ್ದಕ್ಕೂ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು. ಅಕ್ಕ ಎರಡು ದೊಡ್ಡ ಪೆಟ್ಟಿಗೆಗಳ ನಡುವೆ, ಹೊಸ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಜೊತೆಯಲ್ಲಿದ್ದ ಹೆಂಗಸರು ಇವಳನ್ನು ಕಂಡು ಮಾತು ನಿಲ್ಲಿಸಿದರು. ಹಲ್ಲಮ್ಮ ಕ್ಷಮಿಸು ಅನ್ನಬೇಕೆಂದು ಬಂದಿದ್ದಳು, ಆದರೆ ತಾನು ಮಾಡಿದ್ದು ತಪ್ಪೆಂದು ಅವಳಿಗೆ ಅನಿಸಿರಲಿಲ್ಲ. ಸುಳ್ಳು ಕ್ಷಮೆ ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ?

ಬಸ್ಸು ಬಂತು. ಅಕ್ಕ ಒಂದು ಪೆಟ್ಟಿಗೆ ಎತ್ತಿಕೊಂಡಳು. ಇನ್ನೊಂದಕ್ಕೆ ಹಲ್ಲಮ್ಮ ಕೈ ಹಾಕಿದಳು. ಅಕ್ಕ ಆ ಕೈಯನ್ನು ಒಂದು ಗಳಿಗೆ ನೋಡಿದಳು, ಬೇಡವೆನ್ನಲಿಲ್ಲ. ಪೆಟ್ಟಿಗೆ ಕಲ್ಲಿನ ಹಾಗಿತ್ತು. ಅದನ್ನು ಬಸ್ಸಿನ ಹೊಟ್ಟೆಯೊಳಗೆ ತಳ್ಳಿ ಅವಳು ನೆಟ್ಟಗಾಗುವಷ್ಟರಲ್ಲಿ ಅಕ್ಕ ಮೆಟ್ಟಿಲು ಹತ್ತಿ ಆಗಿತ್ತು, ಆ ಕಡೆಯ ಕಿಟಕಿಗೆ ಕೂತಿದ್ದಳು. ಬಸ್ಸು ತಿರುವು ದಾಟುವವರೆಗೂ ಹಲ್ಲಮ್ಮ ಅಲ್ಲೇ ನಿಂತಿದ್ದಳು. ಆಮೇಲೆ ಗಡಿಯಾರ ನೋಡಿಕೊಂಡು ಲ್ಯಾಬಿನ ಕಡೆ ಬೇಗಬೇಗ ನಡೆದಳು.