ಬಾವಿಯ ರಾಟೆ

ಹುಣಸೂರಿನ ಟಾಕೀಸಿನಲ್ಲಿ ಮ್ಯಾಟ್ನಿ ಮುಗಿಸಿ ಹೊರಬಿದ್ದು ಎಷ್ಟೋ ಹೊತ್ತಾದರೂ ನನ್ನ ಕಿವಿ ಗುಂಯ್‌ಗುಡುತ್ತಿತ್ತು. ದೆವ್ವದ ಸಿನಿಮಾ ಎಂದು ತಂಗಿಯ ಮಗಳು ಕಾವ್ಯ ಎಳೆದುಕೊಂಡು ಹೋಗಿದ್ದಳು. ಬಾಗಿಲು ತೆರೆದರೆ ಢಮ್, ಕನ್ನಡಿ ನೋಡಿದರೆ ಢಮ್, ಬೆಕ್ಕು ಹಾರಿದರೂ ಢಮ್. ಇದು ಭಯವೇ, ನೀವೇ ಹೇಳಿ? ಬೆನ್ನ ಹಿಂದೆ ಪಟಾಕಿ ಹಚ್ಚಿದರೂ ನಾನು ಬೆಚ್ಚುತ್ತೇನೆ. ಅದಕ್ಕೆ ಟಿಕೆಟ್ ಯಾಕೆ? ಬೆಚ್ಚಿಬಿದ್ದು ಪಕ್ಕದವರ ಮೇಲೆ ಪಾಪ್‌ಕಾರ್ನ್ ಚೆಲ್ಲಿದವನು ನಾನೇ ಎಂಬುದು ಬೇರೆ ಮಾತು.

ಸಿಟ್ಟು ಬಂದದ್ದು ಅದಕ್ಕಲ್ಲ. ಆ ದೆವ್ವ, ಗಂಡನ ಮನೆಯಲ್ಲಿ ಸುಟ್ಟು ಸತ್ತ ಹೆಣ್ಣು. ಸುಟ್ಟವರು ಯಾರೆಂದು ಸಿನಿಮಾದಲ್ಲಿ ಒಬ್ಬನೂ ಕೇಳಲಿಲ್ಲ. ಮಂತ್ರವಾದಿ ಬಂದ, ಅವಳನ್ನು ಸೀಸೆಗೆ ತುಂಬಿದ, ಜನ ಚಪ್ಪಾಳೆ ಹೊಡೆದರು!

ಹಂಪಾಪುರದ ನನ್ನ ಸೋದರತ್ತೆ ಪುಟ್ಟಮ್ಮ ಹೀಗೆ ಕತೆ ಹೇಳಿದವಳಲ್ಲ. ನಾನು ಹುಡುಗನಾಗಿದ್ದಾಗ ಹಾಡುಹಗಲೇ, ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಹೇಳುತ್ತಿದ್ದಳು. ಒಂದು ಮನೆಯ ಸೊಸೆ ಬಾವಿಗೆ ಬಿದ್ದು ಸತ್ತಳಂತೆ. ಕಾಲು ಜಾರಿತು ಎಂದರಂತೆ ಮನೆಯವರು. ಅಂದಿನಿಂದ ನಡುಮಧ್ಯಾಹ್ನ ಬಾವಿಯ ರಾಟೆ ತಾನಾಗಿಯೇ ತಿರುಗುವ ಸದ್ದು. ಊರಿಗೆಲ್ಲ ಕೇಳುತ್ತದೆ. ಆ ಮನೆಯವರು ಮಾತ್ರ ಉಣ್ಣುತ್ತಾ ಕೂತು, ನಮಗೇನೂ ಕೇಳಿಸುತ್ತಿಲ್ಲವಲ್ಲ ಎನ್ನುತ್ತಾರೆ.

"ದೆವ್ವ ಯಾವಾಗ ಬತ್ತದೆ ಅತ್ತೆ?" ಎಂದೆ.

"ದೆವ್ವ ಯಾಕ್ಲಾ ಬರ್ಬೇಕು? ಉಣ್ತಾ ಕುಂತವ್ರಲ್ಲ, ಅವ್ರೇ ಸಾಲ್ದಾ?"

ನಮ್ಮ ಜೊತೆ ಸುಲಿಯುತ್ತಿದ್ದ ಪಕ್ಕದ ಮನೆಯ ನಿಂಗಮ್ಮನ ಕೈ ನಿಂತೇಹೋಯಿತು. ಅವಳ ಮಗಳನ್ನು ಕೊಪ್ಪಕ್ಕೆ ಕೊಟ್ಟಿದ್ದರು. ಗಂಡನ ಹೊಡೆತ ತಾಳಲಾರದೆ ಓಡಿಬಂದವಳಿಗೆ ಬುದ್ಧಿ ಹೇಳಿ ವಾಪಸು ಕಳಿಸಿದ್ದರು.

"ನಂಗೂ ಕೇಳಿಸ್ತಾ ಅದೆ ಕಣಕ್ಕ," ಎಂದು ನಿಂಗಮ್ಮ ಮಡಿಲು ಕೊಡವಿ ಎದ್ದಳು. ಮರುದಿನ ಬಸ್ಸು ಹತ್ತಿ ಹೋಗಿ ಮಗಳನ್ನು ಕರೆತಂದೇಬಿಟ್ಟಳು. ಜನ ಏನಂದಾರು ಎಂದು ಗೊಣಗಿದ ತನ್ನ ಗಂಡನಿಗೆ, "ಅನ್ಕೊಳ್ಳಿ ಬುಡಿ. ಮಗ್ಳು ಉಸಿರಾಡ್ಕೊಂಡಿರ್ಲಿ ಮೊದ್ಲು," ಎಂದಳು. ಆ ಮಗಳು ಈಗಲೂ ಹಂಪಾಪುರದಲ್ಲೇ ಇದ್ದಾಳೆ. ಬೀದಿಗೆಲ್ಲ ಕೇಳುವಂತೆ ನಗುತ್ತಾಳೆ.

ಊರಿಗೆ ಮರಳುವಾಗ ಕೋಟೆಯ ಬಸ್ಸಿನಲ್ಲಿ ಇದನ್ನೆಲ್ಲ ಕಾವ್ಯಳಿಗೆ ಹೇಳಿದೆ. ಟಾಕೀಸಿನಲ್ಲಿ ಕಿರುಚಿ ಕಿರುಚಿ ನಕ್ಕವಳು ಈಗ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು.

"ಮಾಮ, ಸಿನ್ಮಾದಲ್ಲಿ ಸುಟ್ಟೋದ್ಳಲ್ಲ, ಅವ್ಳ ಹೆಸ್ರೇನು?"

ಎಷ್ಟು ಯೋಚಿಸಿದರೂ ನನಗೂ ಹೊಳೆಯಲಿಲ್ಲ. ಸಿನಿಮಾದವರು ಅವಳಿಗೆ ಹೆಸರೇ ಇಟ್ಟಿಲ್ಲ ಎಂದೆ.

"ಥೂ, ಅನ್ಯಾಯ ಕಣ್ ಮಾಮ," ಎಂದಳು.

ಅಷ್ಟು ಹೊತ್ತು ಒಬ್ಬನೇ ಹೊತ್ತು ಕೂತಿದ್ದ ಸಿಟ್ಟಿಗೆ ಜೊತೆ ಸಿಕ್ಕಿತ್ತು.