ಸಕ್ಕರೆ ಪಾಕದ ಫ್ರಾಕು

ನಮ್ಮ ಬೀದಿಯ ಟೈಲರ್ ಒಂದೇ ಕಡೆ ಹತ್ತು ನಿಮಿಷ ಕೂತದ್ದನ್ನು ಕಂಡವರಿಲ್ಲ. ಒಂದು ಸಾಲು ಹೊಲಿಗೆ ಹಾಕುತ್ತಾರೆ, ಎದ್ದು ಬಾಗಿಲಿಗೆ ಹೋಗುತ್ತಾರೆ, ಯಾಕೆ ಹೋದದ್ದೆಂದು ಮರೆತು ವಾಪಸು ಬರುತ್ತಾರೆ. ಇಪ್ಪತ್ತೆರಡು ವರ್ಷ ಶಾಲೆಯ ಯೂನಿಫಾರಂ ಹೊಲಿದು ಅವರಿಗೆ ನೀಲಿ ಬಣ್ಣ ಕಂಡರೆ ಮೈ ಉರಿಯುತ್ತಿತ್ತು.

ಹಾಗಿರುವಾಗ ಎದುರಿನ ಬೇಕರಿಯ ಒಡತಿ ಬಂದು, "ಹೊಸ ಅಂಗಡಿಯ ಕೆಲಸದ ಹುಡುಗಿಯರಿಗೆ ಕೇಕಿನ ಥರಾ ಕಾಣೋ ಫ್ರಾಕ್ ಬೇಕು. ಒಂದು ಮಾದರಿ ತೋರ್ಸಿ, ಒಪ್ಪಿದ್ರೆ ಹನ್ನೆರಡು ಫ್ರಾಕಿನ ಆರ್ಡರೂ ನಿಮಗೇ," ಎಂದಳು. ಅಂದಿನಿಂದ ಅವರು ಟೈಲರ್ ಎಂದು ಕರೆದರೆ ತಿರುಗುವುದನ್ನು ನಿಲ್ಲಿಸಿದರು. ಡಿಸೈನರ್ ಎನ್ನಬೇಕಿತ್ತು.

ಮೂರಂತಸ್ತಿನ ಕೇಕೊಂದನ್ನು ತಂದು, ಯಾರಿಗೂ ಮುಟ್ಟಗೊಡದೆ, ಟೇಪು ಹಿಡಿದು ಅದರ ಸುತ್ತಳತೆ ಬರೆದುಕೊಂಡರು.

"ಅಪ್ಪಾ, ತೋಳಿನ ಉದ್ದ ಬರ್ಕೊಂಡ್ರಾ?" ಎಂದಳು ಮಗಳು. ಮಾದರಿ ತೊಡಬೇಕಾದವಳು ಅವಳೇ.

ಫ್ರಾಕೇನೋ ಆಯಿತು, ನೆರಿಗೆಗಳು ಮಾತ್ರ ನಿಲ್ಲಲೊಲ್ಲವು. ಟೈಲರ್ ಕೋಣೆಯುದ್ದಕ್ಕೂ ಶತಪಥ ಹಾಕಿದರು. ಅವರ ತಾಯಿ ಲೇಸಿನ ಮೇಜುಹಾಸನ್ನು ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿ ಗಟ್ಟಿ ಮಾಡುತ್ತಿದ್ದದ್ದು ನೆನಪಾಯಿತು. ಫ್ರಾಕನ್ನೂ ಅದ್ದಿದರು. ಒಣಗಿದ ಮೇಲೆ ನೆರಿಗೆಗಳು ಕೆನೆಯ ಅಲೆಗಳಂತೆ ಎದ್ದು ನಿಂತವು. ಮಗಳೂ ಅದನ್ನು ತೊಟ್ಟು ನಿಂತೇ ಇದ್ದಳು, ಕೂತರೆ ಮುರಿಯುತ್ತಿತ್ತು.

"ನೋಡ್ದೇನೇ? ಇದಕ್ಕೆಲ್ಲ ತಲೆ ಬೇಕು."

"ಇದೆಯಲ್ಲ, ಆಗಾಗ ಉಪಯೋಗಿಸಿ," ಎಂದರು ಹೆಂಡತಿ.

ಮರುದಿನ ಹನ್ನೊಂದಕ್ಕೆ ಒಡತಿ ಬರುವುದಿತ್ತು. ಎಂಟಕ್ಕೆ ನೋಡಿದರೆ ಫ್ರಾಕಿನ ಮೂರು ಅಂತಸ್ತಿಗೂ ಇರುವೆಗಳು ಸಂಸಾರ ಸಮೇತ ಬಂದಿಳಿದಿದ್ದವು. ಊದಿದರು, ಕೊಡವಿದರು, ಬೈದರು. ಕೊನೆಗೆ ಹೆಂಡತಿ ಅದನ್ನು ಕಿತ್ತುಕೊಂಡು ಬಕೆಟ್ಟಿನ ನೀರಿಗೆ ಅದ್ದಿಯೇಬಿಟ್ಟರು. ಇಸ್ತ್ರಿಯ ನಂತರ ಉಳಿದದ್ದು ಜೋತುಬಿದ್ದ ಬಟ್ಟೆ. ಟೈಲರ್ ಗಡಿಯಾರ ನೋಡುತ್ತಾ, ಬೆವರುತ್ತಾ, ಅಂಗಡಿಯ ಬಾಗಿಲು ಹಾಕಿಬಿಡೋಣವೇ ಎಂದು ಎರಡು ಸಲ ಕೇಳಿದರು.

ಒಡತಿ ಬಂದಳು. ಹುಡುಗಿಯ ಸುತ್ತ ಒಂದು ಸುತ್ತು ಹಾಕಿದಳು.

"ಇದು ಕೇಕಲ್ಲ ಕಣ್ರೀ. ಕರಗಿದ ಐಸ್‌ಕ್ರೀಮು."

"ಇರ್ಲಿ ಬಿಡಿ ಆಂಟಿ," ಎಂದಳು ಮಗಳು, "ನಿನ್ನೆ ಇದ್ರಲ್ಲಿ ಕೂರೋಕೇ ಆಗ್ಲಿಲ್ಲ. ಈಗ ನೋಡಿ." ಕುಕ್ಕರಗಾಲಲ್ಲಿ ಕೂತಳು, ಮಿಷನ್ನಿನಡಿ ಬಿದ್ದ ದಾರದುಂಡೆ ಎತ್ತಿಕೊಂಡಳು, ಗಿರಕಿ ಹೊಡೆದಳು. ನೆರಿಗೆಗಳು ಅವಳ ಹಿಂದೆಯೇ ಹರಿದಾಡಿದವು.

ಒಡತಿಯ ಮುಖ ಅರಳಿತು. "ನಮ್ಮ ಹುಡುಗಿಯರಿಗೂ ದಿನವಿಡೀ ಬಗ್ಗಿ ಏಳೋದೇ ಕೆಲಸ. ಹನ್ನೆರಡೂ ಹೀಗೇ ಇರ್ಲಿ."

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಅವರು ನಮ್ಮ ಟೈಲರೇ ಅಲ್ಲ. "ನಾನು ಮಾಡಿದ್ದು ಕೇಕು, ಮೇಡಂ. ಇದು ನೀರು ಮಾಡಿದ್ದು," ಎಂದುಬಿಟ್ಟರು. ಹೆಂಡತಿ ಹಣೆ ಚಚ್ಚಿಕೊಂಡರು.

ಒಡತಿ ನಕ್ಕಳು. "ಆಯ್ತು, ಆರ್ಡರ್ ನೀರಿಗೇ ಕೊಟ್ಟೆ. ಹೊಲ್ಯೋದಾದ್ರೂ ನೀವು ಹೊಲೀತೀರಾ?"

ಡಿಸೈನರ್ ಅರ್ಧ ನಿಮಿಷ ಬಿಗಿದುಕೊಂಡು ನಿಂತರು. ಆಮೇಲೆ ಟೈಲರ್, ಅಳತೆಗೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದರು.